ಉಷ್ಣವಲಯದಲ್ಲಿ ನಮ್ಮ ಭಾವ

ಅಮೆರಿಕದ ಪ್ರಜೆಯೊಬ್ಬರು ಕೆಲಸದಿಂದ ನಿವೃತ್ತರಾಗಿ ಉಷ್ಣವಲಯದ ದೇಶವೊಂದಕ್ಕೆ ಹೋಗಿ ನೆಲೆಸಿದರು ಅಂದ ಕೂಡಲೇ ನಿಮ್ಮ ಕಣ್ಣಿಗೆ ಏನು ಕಟ್ಟುತ್ತದೆ ಹೇಳಿ. ಸಮುದ್ರ, ಬಾಗಿದ ತೆಂಗಿನಮರ, ಹೂವಿನ ಅಂಗಿ, ಕಪ್ಪು ಕನ್ನಡಕ, ಕೈಯಲ್ಲೊಂದು ಎಳನೀರು. ಎಳನೀರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸಿಹಾಕಿ. ನಾನು ಹೇಳಹೊರಟಿರುವ ಅಮೆರಿಕದ ಪ್ರಜೆ ಪಂಚೆ ಉಟ್ಟು, ಮೇಲೆ ಮಗಳು ಓದಿದ ಯೂನಿವರ್ಸಿಟಿಯ ಹೆಸರಿರುವ ಟೀ ಶರ್ಟು ತೊಟ್ಟು, ಬೆಳಗಿನ ಆರೂವರೆಗೆ ಮತ್ತಿಕೆರೆಯ ಹಾಲಿನ ಬೂತಿನ ಮುಂದೆ ನಿಂತು, "ಚಿಲ್ಲರೆ ಬದಲು ಚಾಕೊಲೇಟ್ ಕೊಡಬೇಡಪ್ಪಾ, ಎರಡು ರೂಪಾಯಿ ಅಂದ್ರೆ ಎರಡು ರೂಪಾಯಿ" ಎಂದು ವಾದಿಸುತ್ತಿರುತ್ತಾರೆ.

ಅವರು ನಮ್ಮಕ್ಕನ ಯಜಮಾನರು, ನನಗೆ ಭಾವ. ಮೂವತ್ತು ಚಿಲ್ಲರೆ ವರ್ಷ ನ್ಯೂಜೆರ್ಸಿಯಲ್ಲಿ ಮನೆ ಮುಂದಿನ ಹಿಮ ಬಾಚಿ, ಅಲ್ಲಿಯ ಪೌರತ್ವ ಪಡೆದು, ಅಲ್ಲಿಯ ಸರ್ಕಾರದ ಪಿಂಚಣಿ ಶುರುವಾದ ಮೇಲೆ ಅಕ್ಕನನ್ನೂ ಹನ್ನೊಂದು ಸೂಟ್‌ಕೇಸನ್ನೂ ಕರೆದುಕೊಂಡು ಇಲ್ಲಿ ಬಂದಿಳಿದಿದ್ದಾರೆ. ಕಾನೂನಿನ ಲೆಕ್ಕದಲ್ಲಿ ಅವರೀಗ ಪರದೇಶಿ. ಈ ಮಾತನ್ನು ಅಕ್ಕನ ಎದುರಿಗೆ ಆಡಿದ ದಿನ ನನಗೆ ಆ ಮನೆಯಲ್ಲಿ ಕಾಫಿ ಸಿಗಲಿಲ್ಲ.

ಭಾವನವರ ತಕರಾರು ಬೇರೆಯದು. "ಪರದೇಶಿ ಅಂತ ಬೇಕಾದ್ರೆ ಅನ್ನಯ್ಯಾ, ಆದ್ರೆ ಬೆಂಗಳೂರನ್ನ ಉಷ್ಣವಲಯ ಅನ್ಬೇಡ. ಇದು ಹಿಲ್ ಸ್ಟೇಷನ್" ಎನ್ನುತ್ತಾರೆ. ಅವರ ತಲೆಯಲ್ಲಿರುವುದು 1980ರ ದಶಕದ ಬೆಂಗಳೂರು. ಜನ ಮಧ್ಯಾಹ್ನವೂ ಸ್ವೆಟರ್ ಹಾಕಿಕೊಂಡು ಬಸ್ಸಿಗೆ ಕಾಯುತ್ತಿದ್ದ, ಫ್ಯಾನು ಅನ್ನುವುದು ಮದುವೆ ಛತ್ರದ ಸಾಮಾನು ಅಂದುಕೊಂಡಿದ್ದ ಬೆಂಗಳೂರು. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದಲ್ಲಿ ಇದ್ದೇವೆ ಅನ್ನುವುದೇನೋ ನಿಜ. ಆದರೆ ಅಕ್ಷಾಂಶ 13 ಡಿಗ್ರಿ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಹತ್ತು ಡಿಗ್ರಿ ಒಳಗೇ ಕೂತಿದ್ದೇವೆ. ವಾದದಿಂದ ಬಗೆಹರಿಯದ್ದನ್ನು ಲೋಟದಿಂದ ಬಗೆಹರಿಸೋಣ ಎಂದು ಏಪ್ರಿಲ್ 24ರಂದು ಅವರನ್ನು ತಾರಸಿಗೆ ಹತ್ತಿಸಿದೆ. ಅಂದು ಬೆಂಗಳೂರಿಗೆ ನೆರಳಿಲ್ಲದ ದಿನ. ಸೂರ್ಯ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ವರ್ಷದಲ್ಲಿ ಇಂಥ ದಿನ ಎರಡು ಸಲ, ಇನ್ನೊಂದು ಆಗಸ್ಟ್ 18ರ ಹೊತ್ತಿಗೆ. ಉಷ್ಣವಲಯದ ಆಚೆ ಇರುವ ಊರಿಗೆ ಈ ಭಾಗ್ಯ ಯಾವ ಜನ್ಮಕ್ಕೂ ಇಲ್ಲ. ತಾರಸಿಯ ಹೆಂಚಿನ ಮೇಲೆ ಉದ್ದನೆಯ ಸ್ಟೀಲ್ ಲೋಟ ಬೋರಲು ಹಾಕಿ ಕೂತೆವು. ಹನ್ನೆರಡೂ ಕಾಲು ದಾಟುತ್ತಿದ್ದಂತೆ ಲೋಟದ ನೆರಳು ಕುಗ್ಗಿ ಕುಗ್ಗಿ ಬುಡದೊಳಕ್ಕೆ ಸೇರಿಕೊಂಡಿತು. ಪಕ್ಕದಲ್ಲಿ ನಿಂತ ಭಾವನವರ ನೆರಳೂ ಅವರ ಚಪ್ಪಲಿಯ ಅಡಿ ಅಡಗಿತು. ಹೆಂಚು ಸುಡುತ್ತಿದ್ದರಿಂದ ಚಪ್ಪಲಿ ಬಿಡುವಂತಿರಲಿಲ್ಲ. "ಸರಿ, ಉಷ್ಣವಲಯವೇ" ಎಂದು ಒಪ್ಪಿಕೊಂಡು ಕೆಳಗಿಳಿದವರು ಆ ವಾರವೇ ಎ.ಸಿ. ಹಾಕಿಸಿದರು. 2016ರ ಏಪ್ರಿಲಿನಲ್ಲಿ ಇದೇ ಹಿಲ್ ಸ್ಟೇಷನ್ನಿನಲ್ಲಿ ಪಾದರಸ 39.2 ಡಿಗ್ರಿಗೆ ಏರಿತ್ತು ಎಂದು ನಾನು ಮೆಟ್ಟಿಲ ಮೇಲೆ ಹೇಳಿದ್ದನ್ನು ಅವರು ಕೇಳಿಸಿಕೊಳ್ಳಲಿಲ್ಲ.

ಮತ್ತಿಕೆರೆ ಅವರ ಮೊದಲನೆಯ ಆಯ್ಕೆಯೇ ಆಗಿರಲಿಲ್ಲ ಅನ್ನುವುದು ಬೀದಿಯವರಿಗೆ ಗೊತ್ತಿಲ್ಲದ ಗುಟ್ಟು. ನಿವೃತ್ತಿಗೆ ಎರಡು ವರ್ಷ ಇರುವಾಗಲೇ ಲ್ಯಾಪ್‌ಟಾಪಿನಲ್ಲಿ ದೊಡ್ಡದೊಂದು ಎಕ್ಸೆಲ್ ಕೋಷ್ಟಕ ಮಾಡಿದ್ದರು. ಅಡ್ಡಸಾಲಿನಲ್ಲಿ ದೇಶಗಳು: ಪನಾಮಾ, ಕೋಸ್ಟರಿಕಾ, ಥಾಯ್ಲೆಂಡ್, ಮಲೇಷ್ಯಾ. ಕಟ್ಟಕಡೆಗೆ, ಚೌತಿ ಪೂಜೆಗೆ ಕರೆಯಲೇಬೇಕಾದ ನೆಂಟರ ಹಾಗೆ, ಇಂಡಿಯಾ. ಕೋಸ್ಟರಿಕಾದಲ್ಲಿ ತಿಂಗಳಿಗೆ 1000 ಡಾಲರ್ ಪಿಂಚಣಿ ತೋರಿಸಿದರೆ ವಾಸದ ಪರವಾನಗಿ ಕೊಡುತ್ತಾರೆ, ಪನಾಮಾದಲ್ಲೂ ಅಷ್ಟೇ. ಥಾಯ್ಲೆಂಡಿಗೆ 50 ವರ್ಷ ತುಂಬಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇರಬೇಕು, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ ಬರಬೇಕು. ಮಲೇಷ್ಯಾದ್ದು 2002ರಿಂದ ನಡೆಯುತ್ತಿರುವ ಯೋಜನೆ, ಹೆಸರೇ 'ನನ್ನ ಎರಡನೆಯ ಮನೆ'. ಅದನ್ನು ಕೇಳಿದ ಅಕ್ಕ, "ಮೊದಲನೇ ಮನೆ ಗುಡಿಸಿ ಒರೆಸೋದೇ ಸಾಕಾಗಿದೆ" ಅಂದಳಂತೆ.

ಹೀಗೆ ಭಾವನವರು ಫೋನಿನಲ್ಲಿ ವಿವರಿಸುವಾಗ 1000ದ ಲೆಕ್ಕ ನನ್ನ ಕಿವಿಗೆ ನಾಟಿತು. ನಮ್ಮಲ್ಲೂ ಒಂದು 1000 ಉಂಟು. ಕಾರ್ಖಾನೆಯಲ್ಲಿ ದುಡಿದು ಬಂದ ನಮ್ಮಂಥವರ ಇಪಿಎಸ್ 95 ಎಂಬ ಪಿಂಚಣಿ ಯೋಜನೆಯಲ್ಲಿ 2014ರಿಂದ ತಿಂಗಳ ಕನಿಷ್ಠ ಪಿಂಚಣಿ 1000. ಆದರೆ ಅದು ರೂಪಾಯಿ. ಅದನ್ನು ತೋರಿಸಿದರೆ ಕೋಸ್ಟರಿಕಾದವರಿರಲಿ, ತುಮಕೂರು ರಸ್ತೆಯ ಟೋಲಿನವರೂ ಗೇಟು ಎತ್ತುವುದಿಲ್ಲ.

ಎಕ್ಸೆಲ್ಲಿನಲ್ಲಿ ಹವೆ, ಬಾಡಿಗೆ, ಆಸ್ಪತ್ರೆ, ತೆರಿಗೆ, ಇಂಟರ್ನೆಟ್ ವೇಗ ಎಲ್ಲಕ್ಕೂ ಅಂಕ ಕೊಟ್ಟು ಕೂಡಿದಾಗ ಥಾಯ್ಲೆಂಡು ಗೆದ್ದಿತ್ತು, ಇಂಡಿಯಾ ಕೊನೆಯಿಂದ ಎರಡನೆಯದು. ಭಾವ ಹುರುಪಿನಿಂದ ಅಕ್ಕನನ್ನು ಕರೆದು ತೋರಿಸಿದರು. ಅಕ್ಕ ಕನ್ನಡಕ ಹಾಕಿಕೊಂಡು ಅಷ್ಟೂ ಓದಿ, "ಅಲ್ಲಿ ಡಿಸೆಂಬರ್‌ನಲ್ಲಿ ಸೊಗಡಿನ ಅವರೇಕಾಯಿ ಸಿಗುತ್ತಾ? ನಮ್ಮತ್ತೆ ಶ್ರಾದ್ಧಕ್ಕೆ ಪುರೋಹಿತರು ಸಿಗ್ತಾರಾ? ನಾನು ಕೂಗಿದ್ರೆ ಓಡಿಬರೋಕೆ ನನ್ನ ತಮ್ಮ ಇದ್ದಾನಾ?" ಎಂದು ಮೂರೇ ಪ್ರಶ್ನೆ ಕೇಳಿದಳು. ಲ್ಯಾಪ್‌ಟಾಪ್ ಮುಚ್ಚಿತು. ಮೂರನೆಯ ಪ್ರಶ್ನೆಯ ಭಾರ ನನ್ನ ತಲೆಗೆ ಬಂತು, ಈಗಲೂ ಇದೆ.

ಬಂದವರ ಕೈಯಲ್ಲಿ ಇರುವುದು ಒಸಿಐ ಕಾರ್ಡು. 'ಸಾಗರೋತ್ತರ ಭಾರತೀಯ ನಾಗರಿಕ' ಎಂದು ಭರ್ಜರಿ ಹೆಸರು. 2005ರಲ್ಲಿ ಕಾನೂನಾಗಿ, 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ ಮೊದಲ ಕಾರ್ಡುಗಳನ್ನು ಹಂಚಿದರು. ಹೆಸರಿನಲ್ಲಿ ನಾಗರಿಕ ಇದ್ದಾನೆ, ಕಾರ್ಡಿನಲ್ಲಿ ಇಲ್ಲ. ನಮ್ಮ ಸಂವಿಧಾನಕ್ಕೆ ಎರಡು ದೋಣಿಯ ಪೌರತ್ವ ಆಗಿಬರುವುದಿಲ್ಲ. ಅಲ್ಲಿ ಕೈಯೆತ್ತಿ ಪ್ರಮಾಣ ಮಾಡಿದ ದಿನವೇ ಇಲ್ಲಿಯದು ಹೋಯಿತು. ಈ ಕಾರ್ಡು ಅಂದರೆ ಆಜೀವ ವೀಸಾ. ಎಷ್ಟು ಸಲ ಬೇಕಾದರೂ ಬರಬಹುದು, ಎಷ್ಟು ದಿನ ಬೇಕಾದರೂ ಇರಬಹುದು, ಮನೆ ಕೊಳ್ಳಬಹುದು, ಸ್ಮಾರಕಗಳ ಮುಂದೆ ನಮ್ಮಷ್ಟೇ ಟಿಕೆಟ್ ಹಣ ಕೊಟ್ಟು ಒಳಗೆ ಹೋಗಬಹುದು.

ಆಗದ್ದೂ ಕೆಲವಿವೆ, ನನಗೆ ಅವೇ ಇಷ್ಟ. 2021ರ ಮಾರ್ಚಿನ ಅಧಿಸೂಚನೆಯ ಪ್ರಕಾರ ಈ ಕಾರ್ಡಿನವರು ವಿಶೇಷ ಅನುಮತಿ ಇಲ್ಲದೆ ಸಂಶೋಧನೆ ಮಾಡುವಂತಿಲ್ಲ, ಧರ್ಮಪ್ರಚಾರ ಮಾಡುವಂತಿಲ್ಲ, ಪತ್ರಿಕಾ ಕೆಲಸ ಮಾಡುವಂತಿಲ್ಲ, ಪರ್ವತಾರೋಹಣ ಮಾಡುವಂತಿಲ್ಲ. ಕೊನೆಯದನ್ನು ನಾನು ಭಾವನವರಿಗೆ ದಿನಕ್ಕೊಮ್ಮೆ ನೆನಪಿಸುತ್ತೇನೆ. ಮನೆಯಿಂದ ಯಶವಂತಪುರದ ಮೆಟ್ರೊ ನಿಲ್ದಾಣಕ್ಕೆ ಫುಟ್‌ಪಾತಿನ ಮೇಲೇ ಹೋಗುತ್ತೇನೆ ಎಂದು ಅವರು ಶಪಥ ಮಾಡಿ ಹೊರಡುವವರು. ಎತ್ತಿದ ಚಪ್ಪಡಿ ಹತ್ತಿ, ಗುಂಡಿಗೆ ಇಳಿದು, ಟ್ರಾನ್ಸ್‌ಫಾರ್ಮರಿನ ಬೇಲಿ ಸುತ್ತಿ, ಯಾರೋ ಸುರಿದ ಎಂ ಸ್ಯಾಂಡಿನ ಗುಡ್ಡೆ ದಾಟಿ ಆಚೆ ಬರುವಷ್ಟರಲ್ಲಿ ಉಸಿರು ಕಟ್ಟಿರುತ್ತದೆ. "ಭಾವ, ಅನುಮತಿ ತಗೊಂಡಿದ್ದೀರಾ?" ಎಂದರೆ ಕೋಲು ಎತ್ತುತ್ತಾರೆ.

ಇನ್ನೊಂದು ಜಮೀನಿನ ಕಥೆ. ಅಮೆರಿಕದಿಂದ ಬಂದವರಿಗೆಲ್ಲ ಮೊದಲ ವರ್ಷ ಒಂದು ಖಾಯಿಲೆ ಬರುತ್ತದೆ, ತೋಟದ ಮನೆ ಖಾಯಿಲೆ. ದೊಡ್ಡಬಳ್ಳಾಪುರದ ಕಡೆ ಎರಡೆಕರೆ, ನಾಲ್ಕು ಮಾವಿನಮರ, ಒಂದು ಹಸು, ಜಗಲಿ, ಉಯ್ಯಾಲೆ. ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಬಂದು, ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂದಾಯಿತಲ್ಲ, ಭಾವ ಅದನ್ನು ಓದಿಕೊಂಡೇ ವಿಮಾನ ಹತ್ತಿದ್ದರು. ಇಲ್ಲಿ ಬಂದಾಗ ವಕೀಲರು ಹೇಳಿದ್ದು: ಆ ಬಾಗಿಲು ತೆರೆದದ್ದು ಭಾರತದ ಪ್ರಜೆಗಳಿಗೆ, ನಿಮಗೆ ಅಡ್ಡ ಇರುವುದು ವಿದೇಶಿ ವಿನಿಮಯದ ಕಾನೂನು. ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಮೂರನ್ನೂ ಒಸಿಐಗಳು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಅಡ್ಡಿಯಿಲ್ಲ. ಆ ದಿನದಿಂದ ಊರಿನಲ್ಲಿರುವ ದೊಡ್ಡಪ್ಪನ ಮೇಲೆ ಭಾವನವರಿಗೆ ಹುಟ್ಟಿರುವ ಪ್ರೀತಿ ನೋಡಬೇಕು. ವಾರಕ್ಕೆರಡು ಸಲ ಫೋನು ಮಾಡಿ ಆರೋಗ್ಯ ವಿಚಾರಿಸುತ್ತಾರೆ. ದೊಡ್ಡಪ್ಪನಿಗೆ ತೊಂಬತ್ತು ದಾಟಿದೆ, ಗಟ್ಟಿಯಾಗಿದ್ದಾರೆ, ಜಾಣರೂ ಹೌದು.

ಓಟಂತೂ ಇಲ್ಲ. ನಮ್ಮ ಮತ್ತಿಕೆರೆ ಮಲ್ಲೇಶ್ವರ ವಿಧಾನಸಭಾ ಕ್ಷೇತ್ರಕ್ಕೆ ಸೇರಿದ್ದು. ಚುನಾವಣೆ ದಿನ ಬೀದಿಗೆ ಬೀದಿಯೇ ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಫೋಟೊ ತೆಗೆಸಿಕೊಂಡು, ಆಮೇಲೆ ದೋಸೆಗೆ ಹೋಗುತ್ತದೆ. ಭಾವ ದೋಸೆಗೆ ಮಾತ್ರ ಬರುತ್ತಾರೆ. ಹಾಗಂತ ರಾಜಕೀಯ ಬಿಡುತ್ತಾರೆಯೇ? ಕಸದ ಗಾಡಿ ಬರದಿದ್ದರೆ ಮೊದಲು ಕೂಗುವವರು ಅವರೇ. "ನಿಮ್ಮ ಕಾರ್ಪೊರೇಟರ್ ಯಾರಯ್ಯಾ? ಅವರಿಗೊಂದು ಈಮೇಲ್ ಬಿಸಾಕು" ಎಂದು ನನ್ನ ಮೇಲೆ ಎಗರಿದರು. ಪಾಲಿಕೆಗೆ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ, ಆ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿಗೇ ಮುಗಿಯಿತು, ಆಮೇಲಿನ ಐದು ವರ್ಷ ಕಾರ್ಪೊರೇಟರ್ ಅನ್ನುವ ಪ್ರಾಣಿಯೇ ಇರಲಿಲ್ಲ, 2025ರಲ್ಲಿ ಒಂದಿದ್ದ ಪಾಲಿಕೆಯನ್ನು ಐದು ಮಾಡಿದರು ಎಂದು ವಿವರಿಸಿದೆ. ಭಾವನವರ ಮುಖ ಅರಳಿತು. "ಅಂದ್ರೆ ಈ ವಿಷಯದಲ್ಲಿ ನೀನೂ ಒಂದೇ ನಾನೂ ಒಂದೇ ಅನ್ನು!" ನನಗೆ ಉತ್ತರ ಹೊಳೆಯಲಿಲ್ಲ.

ದುಡ್ಡಿನ ವಿಷಯಕ್ಕೆ ಬಂದರೆ ಅವರ ಬಗ್ಗೆ ಬೀದಿಯಲ್ಲಿರುವ ಹೊಟ್ಟೆಕಿಚ್ಚು ಅರ್ಧಕ್ಕರ್ಧ ತಪ್ಪು ತಿಳಿವಳಿಕೆ. ಡಾಲರಿನಲ್ಲಿ ಪಿಂಚಣಿ ಬಂದು ರೂಪಾಯಿಯಲ್ಲಿ ಖರ್ಚಾಗುವುದು ಸುಖವೇ, ಇಲ್ಲ ಅನ್ನುವುದಿಲ್ಲ. ಆದರೆ ಅಮೆರಿಕದ ಪ್ರಜೆ ಭೂಮಿಯ ಮೇಲೆ ಎಲ್ಲಿದ್ದರೂ ಅಲ್ಲಿಗೆ ವರ್ಷಾವರ್ಷ ತೆರಿಗೆ ಲೆಕ್ಕ ಒಪ್ಪಿಸಬೇಕು. ಹೊರದೇಶದ ಖಾತೆಗಳಲ್ಲಿ ಎಲ್ಲ ಸೇರಿ 10,000 ಡಾಲರ್ ದಾಟಿದರೆ ಅದರ ವರದಿ ಬೇರೆ. ಅಂದರೆ ನಮ್ಮ ಬೀದಿ ತುದಿಯ ಬ್ಯಾಂಕಿನಲ್ಲಿ ಅಕ್ಕ ಹಬ್ಬಕ್ಕೆಂದು ಕೂಡಿಟ್ಟ ದುಡ್ಡಿನ ಸುದ್ದಿ ವಾಷಿಂಗ್ಟನ್ನಿನವರಿಗೆ ಗೊತ್ತು, ನನಗೆ ಗೊತ್ತಿಲ್ಲ. ಇಲ್ಲಿಯ ತೆರಿಗೆಯವರು ಮೊದಲ ಎರಡು ಮೂರು ವರ್ಷ 'ನಿವಾಸಿ, ಆದರೆ ಸಾಮಾನ್ಯ ನಿವಾಸಿ ಅಲ್ಲ' ಎಂಬ ವರ್ಗದಲ್ಲಿ ಕೂರಿಸಿ, ಹೊರದೇಶದ ಆದಾಯವನ್ನು ಮುಟ್ಟದೆ ಬಿಡುತ್ತಾರೆ. ಆ ವರ್ಗದ ಹೆಸರು ಕೇಳಿ ಅಕ್ಕ, "ಮದುವೆಯಾದಾಗಿನಿಂದ ನಾನೂ ಅದನ್ನೇ ಹೇಳ್ತಿದ್ದೀನಿ, ಇವರು ಸಾಮಾನ್ಯರಲ್ಲ ಅಂತ" ಅಂದಳು.

ಆರೋಗ್ಯದ ಲೆಕ್ಕ ಇನ್ನೂ ಸೊಗಸು. ಅರವತ್ತೈದು ದಾಟಿದವರಿಗೆ ಅಮೆರಿಕದ ಸರ್ಕಾರ ಕೊಡುವ ಮೆಡಿಕೇರ್ ವಿಮೆ ದೇಶದ ಗಡಿ ದಾಟಿದರೆ ಸಾಮಾನ್ಯವಾಗಿ ನಡೆಯುವುದಿಲ್ಲ. ಬಿಟ್ಟುಬಿಡೋಣ ಅಂದರೆ, ನಾಳೆ ವಾಪಸು ಹೋಗಬೇಕಾದರೆ ತಡವಾದ ಒಂದೊಂದು ವರ್ಷಕ್ಕೂ ಕಂತಿನ ಮೇಲೆ ನೂರಕ್ಕೆ ಹತ್ತರಂತೆ ದಂಡ. ಅದಕ್ಕೇ ಭಾವ ತಿಂಗಳ ಕಂತನ್ನು (2025ರಲ್ಲಿ ಅದು 185 ಡಾಲರ್ ಇತ್ತು) ಅಲ್ಲಿಗೆ ಕಟ್ಟುತ್ತಾ, ಶೀತ ಆದರೆ ಇಲ್ಲಿಯ ಡಾಕ್ಟರಿಗೆ ಕೈಯಿಂದ ಫೀಸು ಕೊಡುತ್ತಾರೆ. ಆದರೂ ರಾಮಯ್ಯ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ ಇದೆ ಅನ್ನುವುದೇ ಅಕ್ಕನ ದೊಡ್ಡ ಧೈರ್ಯ. ನ್ಯೂಜೆರ್ಸಿಯಲ್ಲಿ ಆಂಬುಲೆನ್ಸ್ ಕರೆಯಲು ಹೆದರುತ್ತಿದ್ದರಂತೆ, ಕಾಯಿಲೆಗಿಂತ ಬಿಲ್ಲಿಗೆ.

ನವೆಂಬರ್ ಬಂತೆಂದರೆ ನಾನು ಜೀವನ ಪ್ರಮಾಣಕ್ಕೆ ಓಡುತ್ತೇನೆ. ಬೆರಳಚ್ಚು ಒತ್ತಿ, "ಸ್ವಾಮೀ, ನಾನು ಇನ್ನೂ ಇದ್ದೇನೆ" ಎಂದು ಸರ್ಕಾರಕ್ಕೆ ಸಾಬೀತು ಮಾಡಬೇಕು. ಎಪ್ಪತ್ತರ ಹತ್ತಿರದ ಬೆರಳಿನ ಗೆರೆ ಆ ಯಂತ್ರಕ್ಕೆ ಸುಲಭಕ್ಕೆ ಕಾಣುವುದಿಲ್ಲ. ಸೀರೆಯ ಸೆರಗಿಗೋ ಪಂಚೆಗೋ ಉಜ್ಜಿ ಉಜ್ಜಿ ಮತ್ತೆ ಒತ್ತುವ ಮುದುಕ ಮುದುಕಿಯರ ಸಾಲು ಅದು. ಇದನ್ನು ಹೇಳಿ ಸ್ವಲ್ಪ ಮರುಕ ಗಿಟ್ಟಿಸೋಣ ಎಂದುಕೊಂಡಿದ್ದರೆ, ಭಾವನವರು ಡ್ರಾಯರಿನಿಂದ ಅಮೆರಿಕದ ಲಕೋಟೆ ತೆಗೆದರು. ಹೊರದೇಶದಲ್ಲಿರುವ ಪಿಂಚಣಿದಾರರಿಗೆ ಅಲ್ಲಿಂದಲೂ ಒಂದು ಪ್ರಶ್ನಾವಳಿ ಬರುತ್ತದೆ. ಸುತ್ತಿ ಬಳಸಿ ಕೇಳಿದರೂ ಅದರ ತಾತ್ಪರ್ಯ ಇಷ್ಟೇ: ಇದ್ದೀಯಾ? ತುಂಬಿ, ಸಹಿ ಹಾಕಿ, ಅಂಚೆಗೆ ಹಾಕದಿದ್ದರೆ ಪಿಂಚಣಿ ನಿಲ್ಲುತ್ತದೆ. ಜಗತ್ತಿನ ಅತಿ ದೊಡ್ಡ ಎರಡು ಪ್ರಜಾಪ್ರಭುತ್ವಗಳು ಮತ್ತಿಕೆರೆಯ ಒಂದೇ ಬೀದಿಯ ಇಬ್ಬರು ಭಾವ-ಮೈದುನರ ಬಗ್ಗೆ ಇಷ್ಟು ಕಾಳಜಿ ಇಟ್ಟುಕೊಂಡಿರುವುದು ಹೆಮ್ಮೆಯ ವಿಷಯವೇ.

ಹೊರಗಿನ ದುಡ್ಡು ತಂದು ಈ ಊರಿನ ತಂಪಿನಲ್ಲಿ ಕೂತು ತಿನ್ನುವುದು ಹೊಸದೇನಲ್ಲ. 1809ರಲ್ಲಿ ದಂಡು ಪ್ರದೇಶ ಶುರುವಾದ ಮೇಲೆ ಬಂದ ಆಂಗ್ಲರಲ್ಲಿ ಕೆಲವರು ಪಿಂಚಣಿ ಆದ ಮೇಲೂ ವಾಪಸು ಹೋಗಲಿಲ್ಲ. ಲಂಡನ್ನಿನ ಮಂಜಿನಲ್ಲಿ ಕೆಮ್ಮುವುದಕ್ಕಿಂತ ರಿಚ್ಮಂಡ್ ಟೌನಿನ ಬಂಗಲೆಯಲ್ಲಿ ಗುಲಾಬಿ ಬೆಳೆಸುವುದು ಮೇಲು ಅನ್ನಿಸಿತು. ಊರಿಗೆ ಪಿಂಚಣಿದಾರರ ಸ್ವರ್ಗ ಎಂಬ ಹೆಸರು ಅಂಟಿಕೊಂಡಿದ್ದು ಹೀಗೇ. 1882ರಲ್ಲಿ ಚಾಮರಾಜೇಂದ್ರ ಒಡೆಯರು ಆಂಗ್ಲೋ ಇಂಡಿಯನ್ ಸಂಘಕ್ಕೆ ಜಮೀನು ಕೊಟ್ಟರು, ಸಂಘದ ಡಿ.ಎಸ್. ವೈಟ್ ಅವರ ಹೆಸರಿನಲ್ಲಿ ಎದ್ದದ್ದೇ ವೈಟ್‌ಫೀಲ್ಡ್. ಒಕ್ಕಲುತನ ಮಾಡಿಕೊಂಡು ನೆಮ್ಮದಿಯಾಗಿರಲಿ ಎಂದು ಕಟ್ಟಿದ ಊರು. ಇವತ್ತು ಅಲ್ಲಿ ಸಿಗ್ನಲ್ ದಾಟುವುದರೊಳಗೆ ನಿವೃತ್ತಿಯ ವಯಸ್ಸಾಗುತ್ತದೆ. ಚರ್ಚಿಲ್ಲರು 1896ರಲ್ಲಿ ಇಲ್ಲಿಗೆ ಬಂದ ಪಡೆಯಲ್ಲಿದ್ದರು. ಕ್ಲಬ್ಬಿನಲ್ಲಿ 13 ರೂಪಾಯಿ ಬಾಕಿ ಉಳಿಸಿ ಹೋದರು. ನಮ್ಮ ಭಾವ ಆ ಪೈಕಿ ಅಲ್ಲ, ದಿನಸಿ ಅಂಗಡಿಯ ಲೆಕ್ಕವನ್ನು ತಿಂಗಳ ಒಂದನೇ ತಾರೀಕು ಯುಪಿಐನಲ್ಲಿ ಚುಕ್ತಾ ಮಾಡುತ್ತಾರೆ.

ಈ ಪರಂಪರೆಯಲ್ಲಿ ನನಗೆ ಮೆಚ್ಚಿಗೆಯಾದವರು ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್. ಕ್ಯೂ ಉದ್ಯಾನ, ಬರೋಡಾ ಎಲ್ಲ ಮುಗಿಸಿ 1908ರಲ್ಲಿ ಲಾಲ್‌ಬಾಗಿಗೆ ಬಂದರು. 1932ರಲ್ಲಿ ನಿವೃತ್ತರಾದರು. ಆಮೇಲೆ ಗಂಟುಮೂಟೆ ಕಟ್ಟಲಿಲ್ಲ, 1956ರಲ್ಲಿ ತೀರಿಕೊಳ್ಳುವವರೆಗೂ ಇದೇ ಊರಿನಲ್ಲಿದ್ದರು. ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂದು ಲೆಕ್ಕ ಹಾಕಿ ಬೀದಿಬೀದಿಗೆ ಸಾಲುಮರ ನೆಡಿಸಿದ ಆಸಾಮಿ. ನನಗೆ ತಿಳಿದಿರುವ ಮಟ್ಟಿಗೆ, ಉಷ್ಣವಲಯದಲ್ಲಿ ನಿವೃತ್ತಿಯಾದ ಪರದೇಶಿಯೊಬ್ಬ ಊರಿಗೆ ಇದಕ್ಕಿಂತ ಚೆನ್ನಾಗಿ ಬಾಡಿಗೆ ಕಟ್ಟಿದ್ದಿಲ್ಲ. ನಾನು ಇದನ್ನು ಹೇಳಿದ್ದೇ ತಪ್ಪಾಯಿತು ನೋಡಿ, ಭಾವನವರಿಗೂ ಸ್ಫೂರ್ತಿ ಬಂದು ತಾರಸಿಯ ಮೇಲೆ ನಲವತ್ತು ಕುಂಡ ಇಟ್ಟರು. ಅಡಿಗೆ ನಲವತ್ತು ತಟ್ಟೆ, ತಟ್ಟೆಯಲ್ಲಿ ನೀರು, ನೀರಿನಲ್ಲಿ ಸೊಳ್ಳೆ ಮರಿ. ಅದೇ ಹೊತ್ತಿಗೆ, 2024ರ ಸೆಪ್ಟೆಂಬರಿನಲ್ಲಿ, ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಸಾರಿ, ನಗರದ ಮನೆಗಳಲ್ಲಿ ಸೊಳ್ಳೆ ಸಾಕಿದರೆ 400 ರೂಪಾಯಿ ದಂಡ ಎಂದಿತ್ತು. ಆಶಾ ಕಾರ್ಯಕರ್ತೆ ತಾರಸಿ ಹತ್ತಿ ಬಂದು, ತಟ್ಟೆಗಳನ್ನೆಲ್ಲ ಒಂದೊಂದಾಗಿ ಬಗ್ಗಿಸಿ, "ಯಜಮಾನ್ರೇ, ಇಷ್ಟು ಓದಿದೋರು ನೀವೇ ಹಿಂಗೆ ಮಾಡಿದ್ರೆ ಹೆಂಗೆ?" ಎಂದು ಕೇಳಿದಳು. ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷ ಯಾರೂ ಅವರನ್ನು ಹೀಗೆ ಗದರಿರಲಿಲ್ಲ. ಆ ದಿನ ಅವರು ಬಹಳ ಖುಷಿಯಾಗಿದ್ದರು ಅಂತ ಅಕ್ಕ ಹೇಳಿದಳು.

ದಂಡಿನ ದೊರೆಗಳಿಗೂ ನಮ್ಮ ಭಾವನವರಿಗೂ ಇರುವ ವ್ಯತ್ಯಾಸ ಇಲ್ಲಿಯೇ ಇದೆ. ದೊರೆಗೆ ತಾನು ಹೊರಗಿನವನು ಅನ್ನುವುದು ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಕ್ಲಬ್ಬು ಕಟ್ಟಿಕೊಂಡು ಒಳಗೆ ಕೂತ. ನಮ್ಮವರು ಕಾಗದದಲ್ಲಿ ಹೊರಗಿನವರು, ಮನಸ್ಸಿನಲ್ಲಿ ಊರಿನ ಹಳೇ ಯಜಮಾನರು. ಎರಡರ ನಡುವೆ ಸಿಕ್ಕಿಕೊಂಡು ಮೊದಲ ವರ್ಷ ಪಡುವ ಪಾಡು ಇದೆಯಲ್ಲ, ಪಾಪ ಅನ್ನಿಸುತ್ತದೆ. ಖರ್ಚು ಮಾಡುವಾಗ ಡಾಲರಿಗೆ ಪರಿವರ್ತಿಸಿ "ಇಷ್ಟೇನಾ!" ಅನ್ನುತ್ತಾರೆ. ಆಟೋದವನು ಹತ್ತು ರೂಪಾಯಿ ಜಾಸ್ತಿ ಕೇಳಿದರೆ ರೂಪಾಯಿಗೆ ಇಳಿದು ಜಗಳಕ್ಕೆ ನಿಲ್ಲುತ್ತಾರೆ. ಕೆಲಸದಾಕೆಗೆ ಮೊದಲ ತಿಂಗಳೇ ಬೀದಿಯ ರೇಟಿನ ಎರಡರಷ್ಟು ಕೊಟ್ಟು ಅಕ್ಕಪಕ್ಕದ ಗೃಹಿಣಿಯರ ಶಾಪ ಗಿಟ್ಟಿಸಿಕೊಂಡರು. (ನನ್ನ ಕೇಳಿದರೆ ಆ ವಿಷಯದಲ್ಲಿ ಭಾವನದೇ ಸರಿ, ಆದರೆ ಅದನ್ನು ಮನೆಯಲ್ಲಿ ಹೇಳುವ ಧೈರ್ಯ ನನಗಿಲ್ಲ.) ಮಾತುಮಾತಿಗೆ "ಅಲ್ಲಿ ಹೀಗಿರಲಿಲ್ಲ" ಎಂದು ಶುರುಮಾಡುತ್ತಿದ್ದರು. ಜೆ.ಪಿ. ಪಾರ್ಕಿನಲ್ಲಿ ನಮ್ಮದೊಂದು ಬೆಂಚು ಇದೆ. ಸುಮಾರು 85 ಎಕರೆಯ ಉದ್ಯಾನ, ಆದರೂ ಆ ಬೆಂಚಿನ ಮೇಲೆ ಇನ್ನೊಬ್ಬರು ಕೂತರೆ ನಮಗೆ ಸಹಿಸುವುದಿಲ್ಲ. ಬಿಇಎಲ್‌ನಿಂದ, ಎಚ್‌ಎಂಟಿಯಿಂದ, ಬ್ಯಾಂಕುಗಳಿಂದ ನಿವೃತ್ತರಾದವರ ಬೈಠಕ್ಕು. ಅಲ್ಲಿ ಭಾವ "ಅಲ್ಲಿ" ಎಂದು ಬಾಯಿ ತೆರೆದರೆ ಒಬ್ಬೊಬ್ಬರೇ ಎದ್ದು ಇನ್ನೊಂದು ಸುತ್ತು ಹೊರಡುತ್ತಿದ್ದರು. ಕೊನೆಗೆ ನಾನೊಬ್ಬನೇ, ನೆಂಟಸ್ತಿಕೆಯ ಕರ್ಮಕ್ಕೆ.

ಅದು ಬದಲಾದದ್ದು 2024ರ ಬೇಸಿಗೆಯಲ್ಲಿ. ಊರಿನ ಬೋರ್‌ವೆಲ್‌ಗಳು ಕೈಕೊಟ್ಟವು, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತು, ಟ್ಯಾಂಕರಿನವರು ಬಾಯಿಗೆ ಬಂದ ರೇಟು ಹೇಳತೊಡಗಿದರು. ನಮ್ಮ ಬೀದಿಗೆ ಹೇಳಿದ್ದ ಟ್ಯಾಂಕರು ಪಕ್ಕದ ಬೀದಿಯ ಪಿಜಿ ಒಂದರ ಮುಂದೆ ಪೈಪು ಇಳಿಸುತ್ತಿದ್ದುದನ್ನು ಮೊದಲು ನೋಡಿದವರು ಭಾವ. ಪಂಚೆ ಎತ್ತಿ ಕಟ್ಟಿ, ಟ್ಯಾಂಕರಿನ ಮುಂದೆ ಅಡ್ಡ ನಿಂತು, ಮೂವತ್ತು ವರ್ಷ ಬಳಸದೆ ಇಟ್ಟಿದ್ದ ಹಾಸನದ ಕಡೆಯ ಬೈಗುಳಗಳನ್ನು ಒಂದಾದ ಮೇಲೊಂದು ಹೊರತೆಗೆದರು. ಎಂಜಿನಿಯರಿಂಗ್ ಓದುವ ಹುಡುಗರು ಬಾಲ್ಕನಿಯಲ್ಲಿ ನಿಂತು ವಿಡಿಯೊ ಮಾಡಿದರು. ಟ್ಯಾಂಕರು ಹಿಂದಕ್ಕೆ ಬಂದು ನಮ್ಮ ಬೀದಿಗೆ ತಿರುಗಿತು. ಮರುದಿನ ಬೆಂಚಿನಲ್ಲಿ ಭಾವನವರಿಗೆ ನಡುವೆ ಜಾಗ ಬಿಟ್ಟರು. ಆ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ಊರಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚಿಗೆ ನೀರು ಎಂದು ಪತ್ರಿಕೆಯಲ್ಲಿ ಬಂದಾಗ, ಅದನ್ನು ಬೆಂಚಿಗೆ ಓದಿ ಹೇಳಿದವರೂ ಅವರೇ.

ಅಕ್ಕನಿಗೆ ಇಂಥ ಪರೀಕ್ಷೆಗಳೇನೂ ಬೇಕಾಗಲಿಲ್ಲ. ಬಂದ ವಾರವೇ ಮಲ್ಲೇಶ್ವರದ ಎಂಟನೇ ಕ್ರಾಸಿಗೆ ಹೋಗಿ ಹೂವಿನವಳ ಹತ್ತಿರ ಚೌಕಾಸಿ ಮಾಡಿ, ಸೋತು, ಮಾರನೇ ವಾರ ಮತ್ತೆ ಹೋದಳು. ವಿಷ್ಣು ಸಹಸ್ರನಾಮದ ಗುಂಪು ಸೇರಿದಳು. ಅವಳಿಗಿರುವ ಕೊರಗು ಒಂದೇ, ರಾತ್ರಿಯ ವಿಡಿಯೊ ಕರೆಯದು. ಅಲ್ಲಿಯ ಬೆಳಗು ಇಲ್ಲಿಯ ರಾತ್ರಿ. ಮೊಮ್ಮಗ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ "ಹಾಯ್ ಅಜ್ಜಿ" ಎಂದು ಓಡುತ್ತಾನೆ. ಹಿಂದೆ ನಮ್ಮಮ್ಮ ಇದೇ ಮತ್ತಿಕೆರೆಯಲ್ಲಿ ಕೂತು, ಇದೇ ಅಕ್ಕನ ಟ್ರಂಕ್ ಕಾಲಿಗೆ ಕಾಯುತ್ತಿದ್ದಳು. ಮಗಳು "ಆರು ತಿಂಗಳು ಬಂದಿರಿ" ಎಂದು ಕರೆಯುತ್ತಾಳೆ. ಅಕ್ಕ ಭಾವನ ಮುಖ ನೋಡುತ್ತಾಳೆ, ಭಾವ ಕ್ಯಾಲೆಂಡರ್ ನೋಡುತ್ತಾರೆ: ಆಧಾರ್ ಮಾಡಿಸಬೇಕಾದರೆ ಹಿಂದಿನ ಹನ್ನೆರಡು ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಅವರಿಗೆ ಅಲ್ಲಿಗೆ ಹೋಗಲು ವೀಸಾ ಬೇಡ, ಇಲ್ಲಿಗೆ ಬರಲೂ ಬೇಡ. ದಿನ ಎಣಿಸುವುದಷ್ಟೇ ತಪ್ಪಿದ್ದಲ್ಲ.

ಭಾವ ಬಂದದ್ದನ್ನು ಕೇಳಿ ಈಗ ಎಡಿಸನ್ನಿನಿಂದ, ಸ್ಯಾನ್ ಹೋಸೆಯಿಂದ ಅವರ ಗೆಳೆಯರ ಫೋನುಗಳು ನನಗೇ ಬರುತ್ತಿವೆ, ನಾನೇನೋ ವಲಸೆ ಇಲಾಖೆಯವನು ಅನ್ನುವ ಹಾಗೆ. ಅವರಿಗೆಲ್ಲ ಹೇಳುವುದನ್ನೇ ನಿಮಗೂ ಹೇಳುತ್ತೇನೆ. ಡಿಸೆಂಬರಿನಲ್ಲಿ ಬಂದು, ಮದುವೆ ಮನೆ ಊಟ ಮಾಡಿ, ಬೆಳಗಿನ ಚಳಿಗೆ ಮನಸೋತು ನಿರ್ಧಾರ ಮಾಡಬೇಡಿ. ಅಲ್ಲಿಯ ಮನೆ ಮಾರುವ ಮೊದಲು ಒಂದು ಏಪ್ರಿಲ್ ಇಲ್ಲಿ ಇದ್ದು ನೋಡಿ. ತೆರಿಗೆ ಬಲ್ಲವರನ್ನು ವಿಮಾನ ಹತ್ತುವ ಮೊದಲೇ ಕಾಣಿ. ಊರಿನ ದೊಡ್ಡಪ್ಪನ ಜಮೀನಿನ ಮೇಲೆ ಆಸೆ ಇಡಬೇಡಿ. "ಅಲ್ಲಿ" ಎಂದು ಶುರುವಾಗುವ ವಾಕ್ಯಗಳನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಇಳಿಸಿ ಬನ್ನಿ. ಮೊದಲು ಬಾಡಿಗೆಗೆ ಇದ್ದು ನೋಡುತ್ತೇವೆ ಅನ್ನುವವರಿಗೆ ನಮ್ಮ ಮನೆಯ ಮೊದಲನೇ ಮಹಡಿ ಖಾಲಿ ಇದೆ. ಪೂರ್ವದ ಬಾಗಿಲು, ವಾರಕ್ಕೆ ಮೂರು ದಿನ ಕಾವೇರಿ ನೀರು, ಅಡ್ವಾನ್ಸ್ ಹತ್ತು ತಿಂಗಳದ್ದು, ರೂಪಾಯಿಯಲ್ಲಿ.